ನೈಟ್‌ಗಳ ಟೂರ್ನಮೆಂಟಿನಲ್ಲಿ ತಿವಿಯುವ ಕತ್ತಿ ಬಳಸುತ್ತಿದ್ದರಾ?

ತಿವಿಯಲೆಂದೇ ಮಾಡಿದ ಎಸ್ಟಾಕ್ ಕತ್ತಿಗೆ ಹರಿತವೇ ಇಲ್ಲವಂತೆ, ಹಾಗಿದ್ದರೆ ಅದು ಯಾತಕ್ಕೆ, ನೈಟ್‌ಗಳು ಅಂದರೆ ಕವಚಧಾರಿ ಸವಾರರು ಆಡುತ್ತಿದ್ದ ಕಾಳಗದ ಪಂದ್ಯದಲ್ಲಿ, ಟೂರ್ನಮೆಂಟಿನಲ್ಲಿ, ಅದಕ್ಕೆ ಜಾಗ ಇತ್ತಾ ಅಂತ ಕೇಳಿದ್ದೀರಿ.

ಮೊದಲನೆಯದು ಸುಲಭ. 14ನೇ ಶತಮಾನದಲ್ಲಿ ಯುರೋಪಿನ ನೈಟ್‌ಗಳ ಮೈಮೇಲೆ ಉಕ್ಕಿನ ತಗಡಿನ ಕವಚ ಜಾಸ್ತಿಯಾಗುತ್ತಾ ಹೋಯಿತು. ಬೀಸಿ ಹೊಡೆದರೆ ಕತ್ತಿ ಜಾರುತ್ತಿತ್ತು, ಅಷ್ಟೇ. ಎಸ್ಟಾಕ್ ಬಂದದ್ದು ಅದಕ್ಕೇ. ಉದ್ದ, ನೆಟ್ಟಗೆ, ಸುಲಭಕ್ಕೆ ಬಾಗದ ಅಲಗು. ಮೂರೋ ನಾಲ್ಕೋ ಏಣು. ಕತ್ತಿ ಅನ್ನುವುದಕ್ಕಿಂತ ದೊಡ್ಡ ದಬ್ಬಳ ಅನ್ನಬಹುದು. ಗುರಿ ತಗಡಲ್ಲ, ಸಂದುಗಳು: ಕಂಕುಳು, ಮೊಣಕೈ ಒಳಬದಿ, ಹೆಲ್ಮೆಟ್ಟಿನ ಕಣ್ಣಿನ ಸೀಳು.

ಇನ್ನು ಟೂರ್ನಮೆಂಟ್. ಗುಂಪು ಗುಂಪಾಗಿ ಕುದುರೆ ಮೇಲೆ ನುಗ್ಗುವ ಆಟದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಒಂದನೇ ಎಡ್ವರ್ಡ್ ಕಾಲದ 1292ರ ಕಟ್ಟಳೆ ಮೊನೆಯಿರುವ ಕತ್ತಿಯನ್ನೇ ನಿಷೇಧಿಸಿತು. ಇದೇ ದೊರೆ 1278ರಲ್ಲಿ ವಿಂಡ್ಸರ್‌ನ ಒಂದು ಆಟಕ್ಕೆ ತಿಮಿಂಗಿಲದ ಬಲೀನ್ (ಬಾಯೊಳಗಿನ ಬಾಗುವ ಪಟ್ಟಿ) ಮತ್ತು ಬರೆಯಲು ಬಳಸುವ ತೊಗಲ ಹಾಳೆಯಿಂದ ಕತ್ತಿ ಮಾಡಿಸಿ, ಬೆಳ್ಳಿ ಮೆರುಗು ಕೊಡಿಸಿದ್ದ! ಫ್ರಾನ್ಸಿನ ಆಂಜೂ ಸೀಮೆಯ ದೊರೆ ರೆನೆ 1460ರ ಆಸುಪಾಸಿನಲ್ಲಿ ಬರೆದಿಟ್ಟ ನಿಯಮಗಳು ಇನ್ನೂ ಸ್ವಾರಸ್ಯವಾಗಿವೆ. ಕತ್ತಿ ನಾಲ್ಕು ಬೆರಳು ಅಗಲ ಇರಬೇಕು, ಕಣ್ಣಿನ ಸೀಳಿನೊಳಗೆ ಹೋಗಬಾರದು. ಅಂಚು ಒಂದು ಬೆರಳು ದಪ್ಪ. ತಿವಿಯುವುದಿಲ್ಲ, ಸೊಂಟದ ಕೆಳಗೆ ಹೊಡೆಯುವುದಿಲ್ಲ ಅಂತ ಎಲ್ಲರೂ ಆಣೆ ಮಾಡಬೇಕು. ಆ ನೂಕುನುಗ್ಗಲಿನಲ್ಲಿ ಮೊನೆ ಯಾರ ಕಣ್ಣಿಗೆ ಹೋಗುತ್ತದೋ ಯಾರು ಕಂಡರು, ಅಲ್ವಾ?

ಒಬ್ಬರಿಗೊಬ್ಬರು ನೆಲದ ಮೇಲೆ ನಿಂತು ಮಾಡುವ ಕಾಳಗವೇ ಬೇರೆ. ಬೇಲಿ ಹಾಕಿದ ಕಣ, ಎದುರಿಗೆ ತೀರ್ಪುಗಾರ, ಎಷ್ಟು ಹೊಡೆತ ಅಂತ ಮೊದಲೇ ಒಪ್ಪಂದ. ತಿವಿತಕ್ಕೆ ಬೆಲೆ ಇದ್ದದ್ದು ಇಂಥ ಕಡೆ. ಇಟಲಿಯ ಕತ್ತಿವರಸೆ ಗುರು ಫಿಯೋರೆ 1410ರ ಸುಮಾರಿಗೆ ಬರೆಸಿದ ಚಿತ್ರಗಳಲ್ಲಿ ಕವಚಧಾರಿಗಳು ಎಡಗೈಯಲ್ಲಿ ಅಲಗಿನ ನಡುವನ್ನೇ ಹಿಡಿದು ಮೊನೆಯನ್ನು ಸಂದಿಗೆ ಗುರಿಯಿಡುತ್ತಾರೆ. ಬರ್ಗಂಡಿ ಡ್ಯೂಕನ ಸೇವೆಯಲ್ಲಿದ್ದ ನೈಟ್ ಜಾಕ್ ದ ಲಾಲೈಂ 1449ರಿಂದ ಒಂದು ವರ್ಷ, ಪ್ರತಿ ತಿಂಗಳ ಮೊದಲ ದಿನ, ಶಾಲೋನ್ ಊರಿನ ಬಳಿ ಡೇರೆ ಹಾಕಿ ಮೂರು ಗುರಾಣಿ ತೂಗುಹಾಕಿಸುತ್ತಿದ್ದ. ಸವಾಲಿಗೆ ಬಂದವರು ಬಿಳಿಯದನ್ನು ಮುಟ್ಟಿದರೆ ಕೊಡಲಿ ಕಾಳಗ, ನೇರಳೆಯದಕ್ಕೆ ಕತ್ತಿ, ಕಪ್ಪಿಗೆ ಕುದುರೆ ಮೇಲೆ ಈಟಿ. ಇಷ್ಟೆಲ್ಲ ಮಾಡಿ ಬದುಕಿದವನು 1453ರಲ್ಲಿ ಸತ್ತದ್ದು ಫಿರಂಗಿ ಗುಂಡಿಗೆ.

ಯುದ್ಧದಲ್ಲಂತೂ ಈ ಜಾತಿಯ ಕತ್ತಿ ತುಂಬಾ ಕಾಲ ಉಳಿಯಿತು. ಪೋಲೆಂಡಿನ ಹುಸಾರ್ ಸವಾರರು 17ನೇ ಶತಮಾನದಲ್ಲೂ ಅದನ್ನು ಜೀನಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಈಟಿ ಮುರಿದ ಮೇಲೆ ಅದಕ್ಕೇ ಕೈ ಹಾಕುತ್ತಿದ್ದರು.