ಬಾಸ್ 'ಕ್ವೈಟ್ ಗುಡ್' ಅಂದರೆ ಖುಷಿಪಡಬೇಕಾ?

ಪ್ರಶ್ನೆ: ನಮ್ಮ ಮ್ಯಾನೇಜರ್ ಲಂಡನ್ನಿನವರು. ನಾನು ಮಾಡಿದ ರಿಪೋರ್ಟ್ ನೋಡಿ 'ಕ್ವೈಟ್ ಗುಡ್' ಎಂದು ಮೇಲ್ ಹಾಕಿದರು. ಖುಷಿಯಾಯಿತು. ಪಕ್ಕದ ಸೀಟಿನ ಗೆಳತಿ ಮಾತ್ರ 'ಅದು ಹೊಗಳಿಕೆ ಅಲ್ಲ ಕಣೇ' ಅಂದಳು. ಕ್ವೈಟ್ ಅಂದರೆ 'ಪೂರ್ತಿಯಾಗಿ' ಎಂದಲ್ಲವೇ ಶಾಲೆಯಲ್ಲಿ ಕಲಿತಿದ್ದು?

ಉತ್ತರ: ಶಾಲೆಯಲ್ಲಿ ಕಲಿತದ್ದೂ ಸರಿ, ನಿಮ್ಮ ಗೆಳತಿ ಹೇಳಿದ್ದೂ ಸರಿ.

ನಮ್ಮ 'ಸುಮಾರು' ಪದವನ್ನೇ ನೋಡಿ. ಮದುವೆ ಊಟ ಹೇಗಿತ್ತು ಎಂದರೆ 'ಸುಮಾರಾಗಿತ್ತು' ಅಂತೀವಿ. ಅಂದರೆ ಅಷ್ಟಕ್ಕಷ್ಟೆ. ಅದೇ ಮದುವೆಗೆ 'ಸುಮಾರು ಜನ ಬಂದಿದ್ರು' ಅಂದರೆ ಜಾಸ್ತಿ ಜನ ಎಂದೇ ಅರ್ಥ. ಕ್ವೈಟ್ ಆಟವೂ ಹೀಗೇ. 'ಕ್ವೈಟ್ ಎ ಫ್ಯೂ ಪೀಪಲ್' ಎಂದರೆ ಸುಮಾರು ಜನ. 'ಫ್ಯೂ' ಇದೆಯಲ್ಲ ಎಂದು 'ಕೆಲವೇ ಜನ' ಅಂದುಕೊಂಡರೆ ಕೆಟ್ಟಿರಿ.

ಕ್ವೈಟ್ ಮುಂದೆ ಬರುವ ಪದ ಯಾವುದು, ಅದನ್ನು ಮೊದಲು ನೋಡಬೇಕು. ಚೆನ್ನಾಗಿರುವುದು, ಬಿಸಿ, ಉದ್ದ ಇವುಗಳಲ್ಲಿ ಹೆಚ್ಚು ಕಡಿಮೆ ಇರುತ್ತದೆ. ಅಂಥ ಕಡೆ ಬ್ರಿಟಿಷರ ಬಾಯಲ್ಲಿ ಕ್ವೈಟ್ ಸಾಮಾನ್ಯವಾಗಿ 'ತಕ್ಕಮಟ್ಟಿಗೆ' ಆಗುತ್ತದೆ. 'ಇಂಪಾಸಿಬಲ್'ನಲ್ಲಿ ಹೆಚ್ಚು ಕಡಿಮೆ ಎಲ್ಲಿ ಬಂತು? ಹಾಗಾಗಿ 'ಕ್ವೈಟ್ ಇಂಪಾಸಿಬಲ್' ಎಂದರೆ ಸುತರಾಂ ಆಗದು. 'ಕ್ವೈಟ್ ರೈಟ್' ಎಂದರೆ ಪೂರ್ತಿ ಸರಿ. 'ನಾಟ್ ಕ್ವೈಟ್ ರೆಡಿ' ಎಂದರೆ ಇನ್ನೂ ಪೂರ್ತಿ ತಯಾರಾಗಿಲ್ಲ, ಸ್ವಲ್ಪ ಬಾಕಿ ಇದೆ.

ಹಳೆಯ ಅರ್ಥ 'ಪೂರ್ತಿ' ಅನ್ನುವುದೇ. 'ತಕ್ಕಮಟ್ಟಿಗೆ' ಬಂದಿದ್ದು ತುಂಬಾ ತಡವಾಗಿ. ಕೆಲಸ ಬಿಡುವ 'ಕ್ವಿಟ್', ಸುಮ್ನಿರು ಎನ್ನುವ 'ಕ್ವಯಟ್' ಎರಡೂ ಇದರ ನೆಂಟರೇ, ಬೇರು ಲ್ಯಾಟಿನ್ನಿನದು. ಅಂದಹಾಗೆ, ಮೇಲ್ ಬರೆಯುವಾಗ ಕ್ವಯಟ್ (quiet) ಸ್ಪೆಲಿಂಗನ್ನು ಕ್ವೈಟ್‌ಗೆ (quite) ಹಾಕಿಬಿಡುವವರು ಬಹಳ. ಕೊನೆಯ ಎರಡಕ್ಷರ ಅದಲು ಬದಲಾದರೆ ಸಾಕು, ಸ್ಪೆಲ್‌ಚೆಕ್ ಕೂಡ ಎಷ್ಟೋ ಸಲ ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ ಅಲ್ವಾ!

ಅಮೆರಿಕದವರು 'ಕ್ವೈಟ್ ಗುಡ್' ಅಂದಿದ್ದರೆ ನಿಮ್ಮ ಖುಷಿಗೆ ಅಡ್ಡಿಯಿರಲಿಲ್ಲ. ಅವರಲ್ಲಿ ಅದು ಹೆಚ್ಚಾಗಿ 'ತುಂಬಾ ಚೆನ್ನಾಗಿದೆ' ಎಂದೇ. ಲಂಡನ್ನಿನವರು ಎದುರಿಗೆ ಹೇಳಿದ್ದರೆ ದನಿಯಲ್ಲೇ ಗೊತ್ತಾಗುತ್ತಿತ್ತು. 'ಕ್ವೈಟ್' ಮೇಲೆ ಒತ್ತು ಬಿದ್ದರೆ ಮನಸ್ಸಿನಲ್ಲಿ ಏನೋ ಕೊರತೆ ಇದೆ ಎಂದು ಲೆಕ್ಕ. ಮೇಲ್‌ನಲ್ಲಿ ದನಿ ಕೇಳಿಸುವುದಿಲ್ಲ. ಅದಕ್ಕೇ ಮುಂದಿನ ಸಾಲು ನೋಡಿ. ಅದು 'ಬಟ್' ಎಂದು ಶುರುವಾಗಿದ್ದರೆ ರಿಪೋರ್ಟನ್ನು ಇನ್ನೊಮ್ಮೆ ತೆರೆಯಿರಿ.