ಇಮ್ಸುವಾನ್‌ಗೆ ಒಂದು ದಿನದ ಸರ್ಫಿಂಗ್: ಮೊದಲು ಇಳಿತದ ಹೊತ್ತು ನೋಡಿ

ನಿಮ್ಮ ಪ್ರಶ್ನೆ ಈಗ ನೋಡಿದೆ. ಜನವರಿ ಕೊನೆಯಲ್ಲಿ ಒಂದು ವಾರ ಮೊರಾಕೊದ ಅಗಾದಿರ್‌ನಲ್ಲಿ ಇರುತ್ತೀರಿ. ಎರಡು ವರ್ಷದ ಹಿಂದೆ ಮೂಲ್ಕಿಯಲ್ಲಿ ಮೂರು ದಿನ ಸರ್ಫಿಂಗ್ ಕಲಿತಿದ್ದೀರಿ. ನೊರೆಯಲ್ಲಿ ಬೋರ್ಡ್ ಮೇಲೆ ಎದ್ದು ನಿಲ್ಲಲು ಬರುತ್ತದೆ, ಅದಕ್ಕಿಂತ ಮುಂದೆ ಹೋಗಿಲ್ಲ. ನಿಮ್ಮ ಯಜಮಾನರಿಗೆ ಈಜು ಅಷ್ಟಕ್ಕಷ್ಟೇ. ಅಲ್ಲಿಂದ ಉತ್ತರಕ್ಕೆ ಕೊಲ್ಲಿಯ ದಡದಲ್ಲಿರುವ ಮೀನುಗಾರರ ಊರು ಇಮ್ಸುವಾನ್‌ಗೆ ಒಂದು ದಿನ ಹೋಗಿಬಂದರೆ ಏನಾದರೂ ಸಿಗುತ್ತದಾ, ಇಲ್ಲಾ ಸುಮ್ನೆ ದಾರಿಯಲ್ಲೇ ದಿನ ಕಳೆಯುತ್ತದಾ ಅಂತ ಕೇಳಿದ್ದೀರಿ.

ಸಿಗುತ್ತದೆ. ಆದರೆ ವಾರದ ಏಳು ದಿನದಲ್ಲಿ ಸರಿಯಾದ ದಿನ ಆರಿಸಿದರೆ ಮಾತ್ರ. ನಾನು ಮೂರು ಸಲ ಹೋಗಿದ್ದೇನೆ. ಎರಡು ಸಲ ಕೈಕಾಲು ಸೋತುಹೋಗುವಷ್ಟು ತೆರೆ ಸಿಕ್ಕಿತು. ಮೊದಲನೇ ಸಲ ಮಾತ್ರ ದಡದಲ್ಲಿ ಕೂತು ಪುದೀನ ಚಹಾ ಕುಡಿದು ವಾಪಸ್ ಬಂದೆ. ಆ ಪೆದ್ದುತನದಿಂದಲೇ ಶುರು ಮಾಡುತ್ತೇನೆ, ನಿಮಗೆ ಉಪಯೋಗವಾಗುತ್ತದೆ.

ಅವತ್ತು ಹತ್ತು ಗಂಟೆಗೆ ತಲುಪಿದೆವು. ಬಿಸಿಲು ಚೆನ್ನಾಗಿತ್ತು, ಗಾಳಿ ಇರಲಿಲ್ಲ. ಬಾಡಿಗೆ ಬೋರ್ಡ್ ತಗೊಂಡು ನೀರಿಗಿಳಿದರೆ ತೆರೆ ಒಡೆಯುತ್ತಲೇ ಇಲ್ಲ! ದೂರದಿಂದ ಗೆರೆ ಗೆರೆಯಾಗಿ ಬರುತ್ತಿತ್ತು, ಬೋರ್ಡ್ ಕೆಳಗೆ ಒಮ್ಮೆ ಉಬ್ಬಿ ಹಾಗೇ ಮುಂದೆ ಹೋಗುತ್ತಿತ್ತು, ಕೊನೆಗೆ ದಡದ ಕಲ್ಲಿಗೆ ಬಡಿದು ಚಿಲ್ಲೆಂದು ಹಾರುತ್ತಿತ್ತು. ಪೂರ್ತಿ ಉಬ್ಬರದ ಹೊತ್ತಿಗೆ ಸರಿಯಾಗಿ ಹೋಗಿದ್ದೆವು. ನೀರು ಇಳಿದು ತೆರೆ ಸರಿಯಾಗಿ ಒಡೆಯಲು ಶುರುವಾದಾಗ ಎರಡೂವರೆ ಗಂಟೆ. ನಮ್ಮ ವ್ಯಾನ್ ಮೂರಕ್ಕೆ ಹೊರಟಿತು.

ಹಾಗಾಗಿ ಮೊದಲ ಕೆಲಸ, ಆ ವಾರದ ಉಬ್ಬರ-ಇಳಿತದ ಪಟ್ಟಿ ತೆಗೆಯಿರಿ. ಮೊಬೈಲ್‌ನಲ್ಲಿ ಅಗಾದಿರ್ ಅಂತ ಹಾಕಿದರೆ ಸಾಕು, ಇಮ್ಸುವಾನ್‌ಗೂ ಹೆಚ್ಚುಕಮ್ಮಿ ಅದೇ ಹೊತ್ತು. ಇಳಿತ ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ ಬರುವ ದಿನ ಹುಡುಕಿ. ಇಳಿತಕ್ಕೆ ಎರಡು ಗಂಟೆ ಮುಂಚೆಯಿಂದ ಎರಡು ಗಂಟೆ ಆಮೇಲಿನ ತನಕ ಕೊಲ್ಲಿ ನಿಮ್ಮದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಆದ್ದರಿಂದ ಅದೃಷ್ಟ ಇದ್ದರೆ ವಾರದಲ್ಲಿ ಎರಡು ಮೂರು ದಿನ ನಿಮಗೆ ಹೊಂದಬಹುದು, ಕೆಲವು ವಾರ ಒಂದೂ ಹೊಂದದೆ ಇರಬಹುದು. ಮೂಲ್ಕಿಯಲ್ಲಿ ಇದರ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ, ಅಲ್ವಾ? ನಮ್ಮ ಕರಾವಳಿಯಲ್ಲಿ ನೀರು ಏರಿ ಇಳಿಯುವುದು ಒಂದೂವರೆ ಮೀಟರ್ ಆಸುಪಾಸು. ಅಲ್ಲಿ ಅಮಾವಾಸ್ಯೆ-ಹುಣ್ಣಿಮೆಗೆ ಮೂರು ಮೀಟರ್ ಹತ್ತಿರ ಹೋಗುತ್ತದೆ. ಬೆಳಗ್ಗೆ ನೋಡಿದ ಮರಳು ಮಧ್ಯಾಹ್ನ ಇರುವುದೇ ಇಲ್ಲ.

ಇನ್ನು ಆ ಕೊಲ್ಲಿ ಕಲಿಯುವವರಿಗೆ ಯಾಕೆ ಒಳ್ಳೆಯದು ಅಂದರೆ, ಅದು ನೆಲದ ಆಕಾರದ ಮಹಿಮೆ. ಅಲ್ಲಿ ಒಂದು ನೆಲದ ಮೂಗು ಸಮುದ್ರಕ್ಕೆ ಚಾಚಿಕೊಂಡಿದೆ. ಅದರ ಮರೆಯಲ್ಲಿ ಮೀನುಗಾರರ ಬಂದರು, ಬಂದರಿನ ಪಕ್ಕದಿಂದ ಒಳಕ್ಕೆ ಬಾಗಿದ ಕೊಲ್ಲಿ. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಬಿರುಗಾಳಿಗಳು ಎಬ್ಬಿಸಿದ ತೆರೆ ವಾಯುವ್ಯದಿಂದ ಬರುತ್ತದೆ. ಈ ಮೂಗನ್ನು ಸುತ್ತಿಕೊಂಡು ಒಳಗೆ ಬರುವಷ್ಟರಲ್ಲಿ ಅದರ ಅರ್ಧ ಸೊಕ್ಕು ಇಳಿದಿರುತ್ತದೆ. ಆಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಪುಸ್ತಕದ ಹಾಳೆ ಮಗುಚಿದ ಹಾಗೆ ನಿಧಾನಕ್ಕೆ ಒಡೆಯುತ್ತಾ ಹೋಗುತ್ತದೆ. ದಡಕ್ಕೆ ಮುಖ ಮಾಡಿದವರಿಗೆ ಯಾವಾಗಲೂ ಬಲಕ್ಕೇ. ಒಳ್ಳೆಯ ದಿನ ಒಂದೇ ತೆರೆಯಲ್ಲಿ ಕೆಲವು ನೂರು ಮೀಟರ್ ಹೋಗಬಹುದು. ನನಗೆ ಎರಡನೇ ಸಲ ಹೋದಾಗ ಒಂದು ತೆರೆ ಎಷ್ಟು ಹೊತ್ತು ಸಿಕ್ಕಿತು ಅಂದರೆ, ನಡುವೆ ಕಾಲು ನಡುಗಲು ಶುರುವಾಗಿ ನಾನೇ ಕೂತುಬಿಟ್ಟೆ. ಮೂಲ್ಕಿಯಲ್ಲಿ ಎದ್ದು ನಿಂತು ಐದಾರು ಸೆಕೆಂಡಿಗೆ ದಡ ಬಂದುಬಿಡುತ್ತದೆ, ಏನು ತಪ್ಪಾಯ್ತು ಅಂತ ಯೋಚಿಸಲೂ ಪುರಸೊತ್ತಿಲ್ಲ. ಇಲ್ಲಿ ತೆರೆಯ ಮೇಲೇ ಯೋಚಿಸಿ ಸರಿ ಮಾಡಿಕೊಳ್ಳಬಹುದು. ನಿಮ್ಮ ಹಂತದಲ್ಲಿ ಇರುವವರಿಗೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ತೆರೆ ಸೊಕ್ಕು ಕಳೆದುಕೊಂಡು ಬರುವುದರಿಂದ ಇನ್ನೊಂದು ಮಾತೂ ಇದೆ. ಹೊರಗಿನ ಸಮುದ್ರದಲ್ಲಿ ಒಂದು ಮೀಟರ್ ಅಂತ ಮುನ್ಸೂಚನೆ ಇದ್ದರೆ ಕೊಲ್ಲಿ ಒಳಗೆ ಏನೂ ಇಲ್ಲದೆ ಇರಬಹುದು. ಅಂಥ ದಿನ ಇಷ್ಟು ದೂರ ಹೋಗಬೇಡಿ. ಅಗಾದಿರ್‌ಗೆ ಹತ್ತಿರದ ತಮ್ರಾತ್ ಊರಿನ ಡೆವಿಲ್ಸ್ ರಾಕ್ ಅಥವಾ ಬನಾನಾ ಬೀಚ್‌ನಲ್ಲೇ ಆಡಿ. ಅದೇ ಎರಡು, ಎರಡೂವರೆ ಮೀಟರ್ ತೋರಿಸಿ, ಅದರ ಪಕ್ಕದ ಊರು ತಾಗಜೂತ್‌ನ ಕಡೆ ಹೊಸಬರು ನೀರಿಗಿಳಿಯಲು ಹೆದರುವ ದಿನ ಇಮ್ಸುವಾನ್ ಒಳಗೆ ಹದವಾಗಿರುತ್ತದೆ. ತೆರೆಗಳ ನಡುವಿನ ಅಂತರ 12 ಸೆಕೆಂಡಿಗಿಂತ ಜಾಸ್ತಿ ಇದ್ದರೆ ಇನ್ನೂ ಚೆಂದ. ಇಳಿತದ ಹೊತ್ತು ಮತ್ತು ತೆರೆಯ ಎತ್ತರ, ಇವೆರಡೂ ಕೂಡಿ ಬರುವ ದಿನಕ್ಕೆ ಕಾಯಿರಿ. ಮೊದಲೇ ದುಡ್ಡು ಕಟ್ಟಿ ದಿನ ಗೊತ್ತು ಮಾಡಬೇಡಿ. ಅಲ್ಲಿಗೆ ಹೋಗಿ ಹಿಂದಿನ ದಿನ ಸಂಜೆ ಕೇಳಿದರೂ ವ್ಯಾನ್‌ನಲ್ಲಿ ಜಾಗ ಸಾಮಾನ್ಯವಾಗಿ ಸಿಗುತ್ತದೆ.

ಹೋಗುವುದು ಹೇಗೆ? ಅಗಾದಿರ್‌ನಿಂದ ಉತ್ತರಕ್ಕೆ ಕಡಲ ದಂಡೆಯ ರಸ್ತೆಯಲ್ಲಿ ಒಂದೂವರೆಯಿಂದ ಎರಡು ಗಂಟೆ. ತಮ್ರಾತ್, ತಾಗಜೂತ್‌ನ ಸರ್ಫ್ ಶಾಲೆಗಳವರು ವ್ಯಾನ್, ಬೋರ್ಡ್, ವೆಟ್‌ಸೂಟ್ (ಚಳಿ ತಡೆಯುವ ರಬ್ಬರ್ ಉಡುಪು), ಊಟ ಎಲ್ಲ ಸೇರಿಸಿ ಕರೆದುಕೊಂಡು ಹೋಗುತ್ತಾರೆ. ಮೊದಲ ಸಲಕ್ಕೆ ಅದೇ ಒಳ್ಳೆಯದು. ಆದರೆ ಮಾತಾಡುವಾಗ 'ಎಷ್ಟು ಗಂಟೆಗೆ ವಾಪಸ್' ಅಂತ ಕೇಳಿಯೇ ದುಡ್ಡು ಕೊಡಿ, ನನ್ನ ಕಥೆ ನೆನಪಿರಲಿ. ಕಾರು ಬಾಡಿಗೆಗೆ ತಗೊಂಡರೆ ನಿಮ್ಮ ಹೊತ್ತು ನಿಮ್ಮ ಕೈಲಿ. ರಸ್ತೆ ತಿರುವು ಮುರುವು ಜಾಸ್ತಿ, ಹೊಟ್ಟೆ ತೊಳಸುವವರು ಮುಂದೆ ಕೂತುಕೊಳ್ಳಿ. ಕೊನೆಯಲ್ಲಿ ಮುಖ್ಯ ರಸ್ತೆ ಬಿಟ್ಟು ಎಡಕ್ಕೆ ಇಳಿಯುವಾಗ ಇಡೀ ಕೊಲ್ಲಿ ಕೆಳಗೆ ಕಾಣುತ್ತದೆ. ಅಲ್ಲೊಮ್ಮೆ ನಿಲ್ಲಿಸಿ. ಫೋಟೊಗೆ ಮಾತ್ರ ಅಲ್ಲ, ತೆರೆ ಎಲ್ಲಿ ಒಡೆಯುತ್ತಿದೆ, ಜನ ಎಲ್ಲಿ ಗುಂಪು ಕೂಡಿದ್ದಾರೆ ಅಂತ ಅಲ್ಲಿಂದಲೇ ಲೆಕ್ಕ ಸಿಗುತ್ತದೆ.

ನಮ್ಮವರಿಗೆ ಬೆಳಗ್ಗೆ ಐದಕ್ಕೆ ಎದ್ದು ಹೊರಡುವ ಹುಮ್ಮಸ್ಸು. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಎಂಟೂವರೆ ಹತ್ತಿರ. ಕತ್ತಲಲ್ಲಿ ಆ ತಿರುವಿನ ರಸ್ತೆ ಬೇಡ. ಸಂಜೆ ಆರೂವರೆ ತನಕ ಬೆಳಕಿರುತ್ತದೆ. ಇನ್ನೊಂದು, ರಂಜಾನ್ ತಿಂಗಳಲ್ಲಿ ಮೊರಾಕೊದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮುಂದೆ ಯಾವಾಗಲಾದರೂ ಆ ತಿಂಗಳಲ್ಲಿ ಹೋದರೆ ಇಳಿತದ ಪಟ್ಟಿ ಯಾವ ಗಡಿಯಾರದ ಪ್ರಕಾರ ಇದೆ ಅಂತ ನೋಡಿಕೊಳ್ಳಿ.

ನೀರಿನ ಚಳಿ ಬಗ್ಗೆ ಯಾರೂ ನಿಮಗೆ ಹೇಳಿಲ್ಲ ಅನಿಸುತ್ತದೆ. ಪೋಸ್ಟ್‌ನಲ್ಲಿ 'ರ‍್ಯಾಶ್ ಗಾರ್ಡ್ ಸಾಕಾ' ಅಂತ ಬರೆದಿದ್ದೀರಿ, ಅಂದರೆ ಆ ತೆಳು ಈಜಂಗಿ. ಸಾಕಾಗಲ್ಲ! ಅದು ಮೂಲ್ಕಿಯ ಉಗುರುಬೆಚ್ಚಗಿನ ನೀರಲ್ಲ. ಚಳಿಗಾಲದಲ್ಲಿ 16ರಿಂದ 18 ಡಿಗ್ರಿ. ಉತ್ತರದಿಂದ ಇಳಿದು ಬರುವ ತಣ್ಣನೆಯ ಪ್ರವಾಹ ಒಂದು ಕಡೆ, ಸಮುದ್ರದ ಆಳದಿಂದ ಮೇಲೇಳುವ ತಣ್ಣೀರು ಇನ್ನೊಂದು ಕಡೆ. (ಆ ತಣ್ಣೀರಿನ ಪುಣ್ಯದಿಂದಲೇ ಅಲ್ಲಿ ಬೂತಾಯಿ ಮೀನು ರಾಶಿ ರಾಶಿ ಸಿಗುವುದು.) ಉದ್ದ ತೋಳು, ಉದ್ದ ಕಾಲಿನ ವೆಟ್‌ಸೂಟ್ ಬೇಕೇ ಬೇಕು. 4/3 ಮಿಲಿಮೀಟರ್ (ಮೈಗೆ 4, ಕೈಕಾಲಿಗೆ 3 ಮಿಲಿಮೀಟರ್ ದಪ್ಪ) ಕೇಳಿ ತಗೊಳ್ಳಿ. ಬಿಗಿಯಾಗಿರಬೇಕು, ಕಂಕುಳಲ್ಲಿ ಸಡಿಲ ಇದ್ದರೆ ಪ್ರತಿ ಮುಳುಗಿಗೂ ತಣ್ಣೀರು ಒಳಗೆ ನುಗ್ಗುತ್ತದೆ. ಉದ್ದ ಜಿಪ್ ಇರುವ ಸೂಟ್ ಆದರೆ ಅದು ಬೆನ್ನ ಕಡೆ ಬರಬೇಕು. ನಾನು ಮೊದಲ ಸಲ ಹೊಟ್ಟೆ ಕಡೆಗೆ ಜಿಪ್ ಬರುವ ಹಾಗೆ ಹಾಕಿಕೊಂಡು ಠೀವಿಯಿಂದ ನಡೆದು ಹೋದೆ, ಬಂದರಿನ ಹತ್ತು ವರ್ಷದ ಹುಡುಗನೊಬ್ಬ ನಕ್ಕು ನಕ್ಕು ನೆಲಕ್ಕೆ ಬಿದ್ದ. ಕಾಲಿಗೆ ತೆಳು ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಆಮೇಲೆ ವೆಟ್‌ಸೂಟ್‌ನ ಕಾಲಿಗೆ ತೂರಿಸಿ, ಸರಕ್ಕನೆ ಜಾರುತ್ತದೆ. ಒದ್ದೆ ವೆಟ್‌ಸೂಟ್ ಹಾಕಿಕೊಳ್ಳುವಾಗಂತೂ ಈ ಉಪಾಯ ದೇವರಿದ್ದ ಹಾಗೆ.

ಬೋರ್ಡ್ ದೊಡ್ಡದೇ ಇರಲಿ. ಎಂಟೂವರೆ, ಒಂಬತ್ತು ಅಡಿಯ ಮೆತ್ತನೆ ಫೋಮ್ ಬೋರ್ಡ್. ತೆರೆ ನಿಧಾನ, ಚಿಕ್ಕ ಬೋರ್ಡ್ ಅದರ ಜೊತೆ ಹೋಗುವುದೇ ಇಲ್ಲ. ಮೂಲ್ಕಿಯಲ್ಲಿ ನೇರ ದಡಕ್ಕೆ ಮುಖ ಮಾಡಿ ಎದ್ದು ನಿಂತಿರುತ್ತೀರಿ. ಇಲ್ಲಿ ಪ್ಯಾಡಲ್ ಮಾಡುವಾಗಲೇ, ಅಂದರೆ ಮಲಗಿ ಕೈಯಲ್ಲಿ ನೀರು ತಳ್ಳುವಾಗಲೇ, ಬೋರ್ಡ್‌ನ ಮೂತಿ ಸ್ವಲ್ಪ ಬಲಕ್ಕೆ ಇರಲಿ. ತೆರೆ ಎತ್ತಿಕೊಂಡಿತು ಅನಿಸಿದ ಮೇಲೂ ಎರಡು ಮೂರು ಸಲ ಜೋರಾಗಿ ಕೈ ಹಾಕಿ, ಆಮೇಲೆ ಏಳಿ. ಎದ್ದ ಮೇಲೆ ಕಾಲು ನೋಡಿಕೊಳ್ಳಬೇಡಿ. ಬಲಗಡೆ ಇನ್ನೂ ಒಡೆಯದ ಹಸಿರು ತೆರೆ ಇರುತ್ತದಲ್ಲ, ಅದನ್ನೇ ನೋಡಿ. ಕಣ್ಣು ಹೋದ ಕಡೆ ಬೋರ್ಡ್ ಹೋಗುತ್ತದೆ.

ತೆರೆ ಸಾಧು, ಜನ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಕೊಲ್ಲಿ ಹೆಸರುವಾಸಿಯಾಗಿ ಬಹಳ ದಿನ ಆಯ್ತು. ಒಳ್ಳೆಯ ದಿನ ಒಂದೇ ತೆರೆಯಲ್ಲಿ ಎಂಟು ಹತ್ತು ಜನ ಬರುತ್ತಾರೆ. ಬಂದರಿನ ಗೋಡೆ ಪಕ್ಕ, ತೆರೆ ಶುರುವಾಗುವ ಕಡೆ ನುರಿತವರು ಉದ್ದ ಬೋರ್ಡ್ ಹಿಡಿದು ಕೂತಿರುತ್ತಾರೆ. ಅಲ್ಲಿ ಬಂಡೆಯೂ ಇದೆ, ಚುಚ್ಚುವ ಕಡಲ ಮುಳ್ಳುಚೆಂಡೂ (ಸೀ ಅರ್ಚಿನ್) ಇದೆ. ನೀವು ಅಲ್ಲಿಗೆ ಹೋಗಬೇಡಿ. ಕೊಲ್ಲಿಯ ಒಳಗೆ, ಮರಳಿನ ಕಡೆ ಬನ್ನಿ. ತೆರೆ ಅಲ್ಲಿಯ ತನಕವೂ ಬರುತ್ತದೆ, ಸೊಂಟದೆತ್ತರ, ಜನವೂ ಕಮ್ಮಿ. ತೆರೆ ಒಡೆಯುವ ಜಾಗಕ್ಕೆ ಯಾರು ಹತ್ತಿರವೋ ಅವರಿಗೆ ಮೊದಲ ಹಕ್ಕು. ಎಡಗಡೆ ಯಾರಾದರೂ ಬರುತ್ತಿದ್ದಾರಾ ಅಂತ ನೋಡದೆ ಏಳಲೇಬೇಡಿ. ಬಿದ್ದರೆ ಬೋರ್ಡ್ ಬಿಟ್ಟು ಹಾರಬೇಡಿ, ಹಿಂದಿನವರಿಗೆ ತಾಗುತ್ತದೆ. ಮೇಲೆ ಬರುವಾಗ ತಲೆಗೆ ಕೈ ಅಡ್ಡ ಇರಲಿ. ನನ್ನ ಹುಬ್ಬಿನ ಮೇಲೆ ಮೂರು ಹೊಲಿಗೆಯ ಗುರುತಿದೆ. ಅದು ಬೇರೆ ಯಾರದ್ದೂ ಅಲ್ಲ, ನನ್ನದೇ ಬೋರ್ಡ್‌ನ ಫಿನ್, ಅಂದರೆ ಅಡಿಯಲ್ಲಿರುವ ರೆಕ್ಕೆ.

ಇನ್ನು ತೆರೆ ಮುಗಿದ ಮೇಲೆ ಪ್ಯಾಡಲ್ ಮಾಡಿಕೊಂಡು ವಾಪಸ್ ಹೋಗಬೇಡಿ. ಬರುವವರ ದಾರಿಗೇ ಅಡ್ಡ ಬೀಳುತ್ತೀರಿ, ತೋಳೂ ಸೋಲುತ್ತದೆ. ಅಲ್ಲಿನವರು ಮಾಡುವ ಹಾಗೆ ದಡಕ್ಕೆ ಬಂದು, ಬೋರ್ಡ್ ಹೊತ್ತು ಮರಳಲ್ಲಿ ನಡೆದು ಹೋಗಿ. ಇಳಿತದ ಹೊತ್ತಲ್ಲಿ ಮರಳು ಅಗಲವಾಗಿರುತ್ತದೆ. ಆಳ ಇಲ್ಲದ ನೀರಲ್ಲಿ ಕಾಲು ಎತ್ತಿ ಇಡದೆ ಎಳೆದುಕೊಂಡು ನಡೆಯಿರಿ, ನಮ್ಮಲ್ಲಿ ತೊರಕೆ ಮೀನಿಗೆ ಹೆದರಿ ನಡೆಯುವ ಹಾಗೆ. ಅಟ್ಲಾಂಟಿಕ್ ಮರಳಲ್ಲಿ ವೀವರ್ ಅಂತ ಒಂದು ಸಣ್ಣ ಮೀನು ಹುದುಗಿರುತ್ತದೆ, ಬೆನ್ನಲ್ಲಿ ವಿಷದ ಮುಳ್ಳು. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕಾಲು ಇಟ್ಟು ಕೂರಬೇಕು, ನೋವು ಇಳಿಯುತ್ತದೆ. ಐಸ್ ಬೇಡ.

ನಿಮ್ಮ ಯಜಮಾನರ ವಿಷಯ. ಸೊಂಟ ಮಟ್ಟದ ನೀರಲ್ಲಿ, ಕಲಿಸುವವರು ಪಕ್ಕದಲ್ಲೇ ಇದ್ದರೆ ನೊರೆಯಲ್ಲಿ ಆಡಬಹುದು. ವೆಟ್‌ಸೂಟ್ ತೇಲಿಸುತ್ತದೆ, ಬೋರ್ಡ್ ಕಾಲಿಗೆ ಕಟ್ಟಿರುತ್ತದೆ ಅಂತ ಧೈರ್ಯ ಮಾಡಿ ಆಳಕ್ಕೆ ಹೋಗುವುದು ಬೇಡವೇ ಬೇಡ. ಕಾಲಿನ ಹಗ್ಗ ಕಿತ್ತುಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ಮೂಗಿನ ಆ ಬದಿಗೆ ಕೆಥೆಡ್ರಲ್ ಅಂತ ಇನ್ನೊಂದು ಜಾಗ ಇದೆ, ತೆರೆದ ಸಮುದ್ರ, ಬಂಡೆ. ಚಳಿಗಾಲದಲ್ಲಿ ನಿಮ್ಮಿಬ್ಬರಿಗೂ ಅದು ಬೇಡ, ಮೇಲಿಂದ ನೋಡಿ ಬನ್ನಿ.

ಊಟಕ್ಕೆ ಚಿಂತೆ ಇಲ್ಲ. ಬಂದರಿನಲ್ಲಿ ದೋಣಿ ಬಂದ ಮೇಲೆ ನಮ್ಮ ದಕ್ಕೆಯ ಹಾಗೇ ಗಲಾಟೆ, ಹರಾಜು. ಮೀನು ನೀವೇ ಆರಿಸಿ ಕೊಟ್ಟರೆ ಕೆಂಡದ ಮೇಲೆ ಸುಟ್ಟು ಕೊಡುತ್ತಾರೆ. ಬೂತಾಯಿಗೆ ಉಪ್ಪು, ಜೀರಿಗೆ ಪುಡಿ, ನಿಂಬೆ ಅಷ್ಟೇ. ಪಕ್ಕಕ್ಕೆ ದುಂಡನೆ ಬ್ರೆಡ್. ಖಾರ ಇಲ್ಲ ಅಂತ ಮೊದಲು ಮುಖ ಸಿಂಡರಿಸಿದೆ, ಆಮೇಲೆ ಹನ್ನೆರಡು ಮೀನು ತಿಂದೆ. ನೀವು ಸಸ್ಯಾಹಾರಿ ಆದರೆ ತರಕಾರಿ ತಜೀನ್, ಅಂದರೆ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಪಲ್ಯದಂಥದ್ದು, ಸಿಗುತ್ತದೆ. ಮಾಂಸದ ಸಾರು ಹಾಕಿಲ್ಲ ತಾನೇ ಅಂತ ಕೇಳಿಕೊಳ್ಳಿ. ಮ್ಸೆಮೆನ್ ಅಂತ ಪದರ ಪದರದ ರೊಟ್ಟಿ ಇದೆ, ನಮ್ಮ ಪರೋಟದ ತಂಗಿ. ಅದಕ್ಕೆ ಅಮ್ಲು ಸವರಿಸಿಕೊಳ್ಳಿ, ಬಾದಾಮಿ, ಅರ್ಗಾನ್ ಎಣ್ಣೆ, ಜೇನು ಅರೆದ ಗಟ್ಟಿ ಚಟ್ನಿಯಂಥದ್ದು. ಹೊಟ್ಟೆ ತುಂಬಾ ತಿಂದು ನೀರಿಗಿಳಿಯಬೇಡಿ, ಹೊಟ್ಟೆ ಮೇಲೆ ಮಲಗಿಯೇ ಪ್ಯಾಡಲ್ ಮಾಡಬೇಕಲ್ಲ.

ಹಳೆಯ ವಿಡಿಯೊ ನೋಡಿ ಇಂಥ ಕಫೆ, ಅಂಥ ಮಹಡಿ ಅಂತ ಹುಡುಕಿಕೊಂಡು ಹೋಗಬೇಡಿ. 2024ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಕಡಲಂಚಿನ ಬಹಳಷ್ಟು ಮನೆ, ಅಂಗಡಿ, ವಸತಿಗಳನ್ನು ಕೆಡವಿಸಿತು. ಎಷ್ಟೋ ಜನರ ಬದುಕೇ ಒಂದೆರಡು ದಿನದಲ್ಲಿ ಹೋಯಿತು. ಹಾಗಾಗಿ ಚಹಾ, ಊಟ, ಬೋರ್ಡ್ ಬಾಡಿಗೆ ಎಲ್ಲ ಅಲ್ಲಿಯ ಊರವರ ಹತ್ತಿರವೇ ತಗೊಳ್ಳಿ ಅನ್ನುವುದು ನನ್ನ ಕೋರಿಕೆ. ದಿರ್ಹಮ್ ಚಿಲ್ಲರೆ ನೋಟು ಜೇಬಲ್ಲಿರಲಿ, ಕಾರ್ಡ್ ನಂಬಬೇಡಿ. ಅಲ್ಲಿಯವರದು ಅಮಾಜಿಗ್ ಮಾತು. 'ತನ್ಮಿರ್ತ್' ಅಂದರೆ ಧನ್ಯವಾದ. ಅದೊಂದು ಪದ ಹೇಳಿದ್ದಕ್ಕೆ ಬೋರ್ಡ್ ಕೊಟ್ಟವನು ನನಗೆ ಅರ್ಧ ಗಂಟೆ ಜಾಸ್ತಿ ಬಿಟ್ಟುಕೊಟ್ಟ.

ವಾಪಸ್ ಬರುವಾಗ ತಮ್ರಿಯಲ್ಲಿ ರಸ್ತೆ ಬದಿ ಗೊನೆ ಗೊನೆ ಬಾಳೆಹಣ್ಣು ನೇತುಹಾಕಿರುತ್ತಾರೆ. ಚಿಕ್ಕದು, ಹೆಚ್ಚುಕಮ್ಮಿ ನಮ್ಮ ಏಲಕ್ಕಿ ಬಾಳೆಯ ರುಚಿ. ಅಷ್ಟು ಹೊತ್ತಿಗೆ ತೋಳು ಎತ್ತಲಾಗದಷ್ಟು ಹಸಿವಾಗಿರುತ್ತದೆ, ಒಂದು ಚಿಪ್ಪು ತಗೊಳ್ಳಿ. ನಿಮ್ಮ ವಾರದ ತಾರೀಖು ಹಾಕಿ, ಇಳಿತದ ಪಟ್ಟಿ ನೋಡಿ ಯಾವ ದಿನ ಅಂತ ನಾನೂ ಒಂದು ಲೆಕ್ಕ ಹೇಳುತ್ತೇನೆ.