ಭೂಮಿಯ ವಯಸ್ಸು ಒಪ್ಪಿದರೆ ಆದಿಕಾಂಡವನ್ನು ಬಿಡಬೇಕಾ?

ಪ್ರಶ್ನೆ: ನಾನು ಸಂಡೇ ಸ್ಕೂಲ್‌ನಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ದೇವರು ಆರು ದಿನಗಳಲ್ಲಿ ಎಲ್ಲವನ್ನೂ ಉಂಟುಮಾಡಿದ, ಭೂಮಿಗೆ ಸುಮಾರು 6,000 ವರ್ಷ ಎಂದೇ ನಾನು ಕಲಿತದ್ದು, ಕಲಿಸುತ್ತಿರುವುದು. ಈಗ ಮಗಳು ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಅವಳ ಪುಸ್ತಕದಲ್ಲಿ 454 ಕೋಟಿ ವರ್ಷ ಎಂದಿದೆ. "ಅಮ್ಮಾ, ಎರಡರಲ್ಲಿ ಒಂದನ್ನು ಬಿಡಲೇಬೇಕಾ?" ಎಂದು ಕೇಳುತ್ತಾಳೆ. ಕಾರ್ಬನ್ ಡೇಟಿಂಗ್ ನಂಬೋಕಾಗಲ್ಲ ಎಂದು ನಮ್ಮ ಸಭೆಯಲ್ಲಿ ಕೆಲವರು ಹೇಳುತ್ತಾರೆ. ಅವಳಿಗೆ ಏನು ಹೇಳಲಿ?

ಉತ್ತರ: ದೇವರನ್ನೂ ಬಿಡಬೇಕಿಲ್ಲ, ಭೂವಿಜ್ಞಾನವನ್ನೂ ಬಿಡಬೇಕಿಲ್ಲ ಎಂದು ಹೇಳಿ. ಬಿಡಬೇಕಾದದ್ದು 6,000 ಎಂಬ ಲೆಕ್ಕವನ್ನು ಮಾತ್ರ. ಅದು ಸತ್ಯವೇದದ ವಚನವಲ್ಲ.

ಆದಿಕಾಂಡದಲ್ಲಿ ಎಲ್ಲಿ ಹುಡುಕಿದರೂ ಭೂಮಿಗೆ ಇಷ್ಟು ವರ್ಷ ಎಂಬ ಸಾಲು ಸಿಗುವುದಿಲ್ಲ. ಸಿಗುವುದು ವಂಶಾವಳಿ. ಆದಾಮನಿಗೆ 130 ವರ್ಷವಾದಾಗ ಸೇತ ಹುಟ್ಟಿದ, ಸೇತನಿಗೆ 105 ಆದಾಗ ಅವನ ಮಗ ಹುಟ್ಟಿದ. ಹೀಗೆ ಕೂಡುತ್ತಾ ಹೋಗಿ, ಅರಸರ ಇತಿಹಾಸವನ್ನೂ ಜೋಡಿಸಿ, ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಅವರು ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದು 1650ರಲ್ಲಿ ಪ್ರಕಟಿಸಿದರು. ಶ್ರದ್ಧೆಯಿಂದ ಮಾಡಿದ ಕೆಲಸ, ಅದಕ್ಕೆ ಗೌರವ ಕೊಡೋಣ. ಮುಂದೆ ಇಂಗ್ಲಿಷ್ ಬೈಬಲ್‌ಗಳ ಪುಟದ ಅಂಚಿನಲ್ಲಿ ಈ ವರ್ಷಗಳನ್ನು ಅಚ್ಚು ಹಾಕತೊಡಗಿದರು. ಓದುವವರ ಮನಸ್ಸಿನಲ್ಲಿ ಅದು ವಚನದ ಜೊತೆಗೇ ಸೇರಿಹೋಯಿತು. ಹಳೆಯ ಗ್ರೀಕ್ ಭಾಷಾಂತರದಲ್ಲಿ ಸೇತ ಹುಟ್ಟಿದಾಗ ಆದಾಮನಿಗೆ 230 ವರ್ಷ. ಆ ಪಾಠವನ್ನು ಹಿಡಿದ ಬೈಜಾಂಟೈನ್ ಸಭೆ ಸೃಷ್ಟಿಯನ್ನು ಕ್ರಿ.ಪೂ. 5509ಕ್ಕೆ ಇಟ್ಟಿತ್ತು. ಅಂದರೆ ವಂಶಾವಳಿ ಕೂಡಿ ಲೆಕ್ಕ ಹಾಕಿದ ಕ್ರೈಸ್ತರಿಗೇ ಒಂದೇ ಉತ್ತರ ಸಿಕ್ಕಿರಲಿಲ್ಲ.

ಇನ್ನು ಕಾರ್ಬನ್ ಡೇಟಿಂಗ್, ಅಂದರೆ ಹಿಂದೆ ಜೀವವಿದ್ದ ವಸ್ತುವಿನಲ್ಲಿ ಉಳಿದಿರುವ ಕಾರ್ಬನ್-14 ಅಳೆದು ವಯಸ್ಸು ಹೇಳುವ ವಿಧಾನ. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆದುಹೋಗಲು ಹಿಡಿಯುವ ಕಾಲ, 5,730 ವರ್ಷ. ಸುಮಾರು 50,000 ವರ್ಷ ದಾಟಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಭೂಮಿಯ ವಯಸ್ಸನ್ನು ಅದರಿಂದ ಯಾರೂ ಅಳೆಯುವುದೇ ಇಲ್ಲ. ನಿಮ್ಮ ಸಭೆಯವರು ಈ ಕೆಲಸಕ್ಕೆ ಸಂಬಂಧವೇ ಇಲ್ಲದ ವಿಧಾನದ ಮೇಲೆ ಆಕ್ಷೇಪ ಎತ್ತುತ್ತಿದ್ದಾರೆ.

ನಿಜವಾಗಿ ಬಳಸುವುದು ಯುರೇನಿಯಂ. ಜಿರ್ಕಾನ್ ಎಂಬ ಪುಟ್ಟ ಹರಳು ಬೆಳೆಯುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಡುತ್ತದೆ. ಹಾಗಾಗಿ ಇವತ್ತು ಅದರೊಳಗೆ ಸಿಗುವ ಸೀಸ ಅಲ್ಲೇ ಯುರೇನಿಯಂ ಒಡೆದು ಆದದ್ದು. ಈ ವಿಧಾನದ ಬಲ ಏನೆಂದರೆ ಒಂದೇ ಹರಳಿನಲ್ಲಿ ಎರಡು ಗಡಿಯಾರ ಓಡುತ್ತವೆ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, ಯುರೇನಿಯಂ-235ರದ್ದು 70 ಕೋಟಿ. ಮಧ್ಯದಲ್ಲಿ ಸೀಸ ಸೋರಿಹೋಗಿದ್ದರೆ ಎರಡೂ ಬೇರೆ ಬೇರೆ ವಯಸ್ಸು ತೋರಿಸುತ್ತವೆ, ಗುಟ್ಟು ಬಯಲಾಗುತ್ತದೆ. ಎರಡೂ ಒಪ್ಪಿದರೆ ಆ ವಯಸ್ಸನ್ನು ನಂಬಬಹುದು. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕಿದ ಹರಳುಗಳಲ್ಲಿ ಕೆಲವಕ್ಕೆ 440 ಕೋಟಿ ವರ್ಷವಾಗಿದೆ. ಭೂಮಿಯ ಮೊದಲ ಬಂಡೆಗಳು ಕರಗಿ, ಸವೆದು ಹೋಗಿರುವುದರಿಂದ ಕ್ಲೇರ್ ಪ್ಯಾಟರ್ಸನ್ ಎಂಬ ಅಮೆರಿಕದ ವಿಜ್ಞಾನಿ, ಭೂಮಿಯ ಕಾಲದಲ್ಲೇ ರೂಪುಗೊಂಡ ಉಲ್ಕಾಶಿಲೆಗಳ ಸೀಸವನ್ನು ಅಳೆದರು. 1956ರಲ್ಲಿ ಅವರು ಕೊಟ್ಟ ಅಂಕಿ 455 ಕೋಟಿ. ಅಲ್ಲಿಂದ ಇಲ್ಲಿಯವರೆಗೆ ಅದು ಹೆಚ್ಚು ಬದಲಾಗಿಲ್ಲ.

"ಹಿಂದೆ ಯುರೇನಿಯಂ ಬೇಗ ಬೇಗ ಒಡೆಯುತ್ತಿತ್ತೇನೋ, ಯಾರು ನೋಡಿದ್ದಾರೆ?" ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1987ರಲ್ಲಿ ನಮ್ಮ ಪಕ್ಕದ ಒಂದು ಸಣ್ಣ ಗ್ಯಾಲಕ್ಸಿಯಲ್ಲಿ ನಕ್ಷತ್ರವೊಂದು ಸಿಡಿದದ್ದು ಕಾಣಿಸಿತು. ಅದು ಸುಮಾರು 1,68,000 ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಸಿಡಿದು ಅಷ್ಟು ವರ್ಷವಾದ ಮೇಲೆ ಬೆಳಕು ನಮ್ಮನ್ನು ಮುಟ್ಟಿತು. ಸ್ಫೋಟದಲ್ಲಿ ಹುಟ್ಟಿದ ಕೋಬಾಲ್ಟ್-56ರಿಂದ ಆ ಬೆಳಕು ಮುಂದುವರಿಯಿತು, ಅದರ ಅರ್ಧಾಯುಷ್ಯವಾದ 77 ದಿನಗಳ ಲೆಕ್ಕಕ್ಕೆ ಸರಿಯಾಗಿಯೇ ಮಂಕಾಗುತ್ತಾ ಹೋಯಿತು. ಇಲ್ಲಿ ಪ್ರಯೋಗಾಲಯದಲ್ಲಿ ಅಳೆದದ್ದೂ ಅದೇ ವೇಗ. ಇನ್ನೂ ಒಂದು ತೊಡಕಿದೆ. ಕೋಟ್ಯಂತರ ವರ್ಷಗಳ ವಿಕಿರಣವನ್ನು ಕೆಲವೇ ಸಾವಿರ ವರ್ಷಕ್ಕೆ ತುರುಕಿದರೆ ಹುಟ್ಟುವ ಶಾಖಕ್ಕೆ ಬಂಡೆಗಳೇ ಕರಗಬೇಕು. ಭೂಮಿ ಹೊಸದು ಎಂದು ನಂಬುವ ವಿಜ್ಞಾನಿಗಳದ್ದೇ ಒಂದು ತಂಡ 1997ರಿಂದ 2005ರವರೆಗೆ ಇದನ್ನು ಪರಿಶೀಲಿಸಿತು. ಈ ಶಾಖ ಎಲ್ಲಿ ಹೋಯಿತು ಎಂಬುದಕ್ಕೆ ತಮ್ಮ ಬಳಿ ಉತ್ತರವಿಲ್ಲ ಎಂದು ಒಪ್ಪಿಕೊಂಡಿತು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ದೇವರು ಭೂಮಿಯನ್ನು ಹಳೆಯದಾಗಿ ಕಾಣುವಂತೆಯೇ ಮಾಡಿರಬಹುದಲ್ವಾ ಎಂದೂ ಕೆಲವರು ಹೇಳುತ್ತಾರೆ. 1857ರಲ್ಲಿ ಫಿಲಿಪ್ ಗಾಸ್ ಎಂಬ ಜೀವವಿಜ್ಞಾನಿ ಇದನ್ನೇ ವಾದಿಸಿದರು. ಯಾವ ಪ್ರಯೋಗದಿಂದಲೂ ಇದನ್ನು ತಪ್ಪೆಂದು ತೋರಿಸಲಾಗದು. ಆದರೆ ಒಬ್ಬ ವಿಶ್ವಾಸಿಯಾಗಿ ನನಗೆ ಇದನ್ನು ಒಪ್ಪಲು ಆಗುವುದಿಲ್ಲ. ಹಾಗಾದರೆ ಆ ನಕ್ಷತ್ರ ಸಿಡಿಯಲೇ ಇಲ್ಲ, ಸಿಡಿದಂತೆ ತೋರುವ ಬೆಳಕನ್ನು ಮಾತ್ರ ದೇವರು ಕಳಿಸಿದ ಎಂದಾಗುತ್ತದೆ. ಸುಳ್ಳಾಡದ ದೇವರು ಎಂದು ನಾವು ಆರಾಧಿಸುವವನ ಮೇಲೆ ಅಂಥ ಮಾತು ಹೊರಿಸಬಾರದು.

ಇದೆಲ್ಲ ವಿಜ್ಞಾನಕ್ಕೆ ಹೆದರಿ ಇತ್ತೀಚೆಗೆ ಮಾಡಿಕೊಂಡ ಹೊಂದಾಣಿಕೆ ಎಂದು ನಿಮಗೆ ಅನಿಸಬಾರದು. ಸೂರ್ಯ ಚಂದ್ರರನ್ನು ಮಾಡಿದ್ದು ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ದಿನಗಳ ಸಾಯಂಕಾಲ, ಪ್ರಾತಃಕಾಲ ಹೇಗೆ? ಈ ಪ್ರಶ್ನೆಯನ್ನು 3ನೇ ಶತಮಾನದಲ್ಲೇ ಓರಿಜೆನ್ ಎಂಬ ಕ್ರೈಸ್ತ ಪಂಡಿತರು ಎತ್ತಿದ್ದರು. 5ನೇ ಶತಮಾನದಲ್ಲಿ ಸಂತ ಅಗಸ್ಟೀನ್ ಆ ದಿನಗಳು ನಮ್ಮ ದಿನಗಳಂಥವಲ್ಲ ಎಂದರು. ಆಕಾಶ ಭೂಮಿಗಳ ವಿಷಯದಲ್ಲಿ ಕ್ರೈಸ್ತರು ತಿಳಿಯದೆ ಮಾತಾಡಿದರೆ, ಅನ್ಯರು ಪುನರುತ್ಥಾನದ ಮಾತನ್ನು ಹೇಗೆ ನಂಬುತ್ತಾರೆ ಎಂದೂ ಎಚ್ಚರಿಸಿದರು. ಕೆಳಗಿನ ಪದರ ಮೊದಲು, ಮೇಲಿನದು ಆಮೇಲೆ ಎಂಬ ನಿಯಮವನ್ನು 1669ರಲ್ಲಿ ಕೊಟ್ಟ ನಿಕೊಲಾಸ್ ಸ್ಟೆನೊ ಮುಂದೆ ಬಿಷಪ್ ಆದರು. ಆಡಮ್ ಸೆಜ್ವಿಕ್ ಆಂಗ್ಲಿಕನ್ ಪಾದ್ರಿ, ಭೂವಿಜ್ಞಾನಿಯೂ ಹೌದು. ಜಲ್ಲಿಮಣ್ಣಿನ ನಿಕ್ಷೇಪಗಳನ್ನೆಲ್ಲ ನೋಹನ ಜಲಪ್ರಳಯವೇ ತಂದು ಹಾಕಿತು ಎಂಬ ತಮ್ಮ ಹಳೆಯ ಅಭಿಪ್ರಾಯವನ್ನು 1831ರಲ್ಲಿ ಅವರು ಎಲ್ಲರೆದುರು ಹಿಂತೆಗೆದುಕೊಂಡರು. ಆಗ ಡಾರ್ವಿನ್‌ರ ವಿಕಾಸವಾದ ಇನ್ನೂ ಪ್ರಕಟವಾಗಿರಲಿಲ್ಲ.

ಒಂದು ಕಿವಿಮಾತು. ಆರು ದಿನಗಳನ್ನು ಆರು ಯುಗ ಮಾಡಿ ವಿಜ್ಞಾನಕ್ಕೆ ಜೋಡಿಸುವ ಆಸೆ ಬರುತ್ತದೆ, ಮಾಡಬೇಡಿ. ಆದಿಕಾಂಡದಲ್ಲಿ ಸೂರ್ಯನಿಗಿಂತ ಮೊದಲು ಹಣ್ಣಿನ ಮರ, ನೆಲದ ಪ್ರಾಣಿಗಳಿಗಿಂತ ಮೊದಲು ಹಕ್ಕಿ. ಪಳೆಯುಳಿಕೆಯ ಕ್ರಮ ಹಾಗಿಲ್ಲ. ಎರಡನೇ ಅಧ್ಯಾಯದಲ್ಲಂತೂ ಕ್ರಮವೇ ಬೇರೆ, ಮೊದಲು ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು. ಬರೆದವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು, ಆದರೂ ಎರಡನ್ನೂ ಪಕ್ಕಪಕ್ಕದಲ್ಲೇ ಇಟ್ಟರು. ಸುತ್ತಲಿನ ಜನ ಸೂರ್ಯನನ್ನೂ ಚಂದ್ರನನ್ನೂ ದೇವರೆಂದು ಪೂಜಿಸುತ್ತಿದ್ದ ಕಾಲದಲ್ಲಿ, ಅವು ದೇವರು ಮಾಡಿಟ್ಟ ಬೆಳಕುಗಳು ಅಷ್ಟೇ ಎಂದು ಹೇಳುವುದು ಅವರಿಗೆ ಮುಖ್ಯವಾಗಿತ್ತು. ಮನುಷ್ಯ ದೇವರ ಸ್ವರೂಪದಲ್ಲಿ ಉಂಟಾದವನು ಎನ್ನುವುದೂ ಅಷ್ಟೇ ಮುಖ್ಯ. ಬಂಡೆಯ ವಯಸ್ಸು ಈ ಎರಡು ಮಾತನ್ನೂ ಮುಟ್ಟುವುದಿಲ್ಲ.

ನಿಜವಾದ ಕಷ್ಟ ಬೇರೆ ಕಡೆ ಇದೆ. ಅದನ್ನು ಮಗಳಿಂದ ಮುಚ್ಚಿಡಬೇಡಿ. ಭೂಮಿ ಹಳೆಯದಾದರೆ ಮನುಷ್ಯ ಬರುವ ಎಷ್ಟೋ ಕೋಟಿ ವರ್ಷಗಳ ಮೊದಲೇ ಪ್ರಾಣಿಗಳು ಸಾಯುತ್ತಿದ್ದವು. ಒಂದನ್ನೊಂದು ತಿನ್ನುತ್ತಿದ್ದವು. ಪಾಪದಿಂದ ಮರಣ ಬಂತು ಎಂದು ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಹೇಳುತ್ತದಲ್ಲ, ಅದು ಹೇಗೆ? ಆ ವಚನವನ್ನು ನಿಧಾನಕ್ಕೆ ಓದಿ. ಮರಣ ಎಲ್ಲ ಮನುಷ್ಯರಿಗೂ ಬಂತು ಎಂದು ಪೌಲ ಬರೆಯುತ್ತಾನೆ, ಸಿಂಹ ಜಿಂಕೆಗಳ ಮಾತು ಅಲ್ಲಿಲ್ಲ. ಕೀರ್ತನೆ 104ರಲ್ಲಿ ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸಿ ದೇವರಿಂದಲೇ ಆಹಾರ ಕೇಳುತ್ತವೆ. ಅದನ್ನು ಶಾಪ ಎಂದು ಆ ಕೀರ್ತನೆ ಹೇಳುವುದಿಲ್ಲ, ದೇವರನ್ನು ಕೊಂಡಾಡುತ್ತದೆ. ಮನುಷ್ಯನ ಪಾಪದಿಂದ ಪ್ರಾಣಿಗಳ ಸ್ವಭಾವ ಬದಲಾಗಲಿಲ್ಲ ಎಂದು 13ನೇ ಶತಮಾನದಲ್ಲಿ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಬರೆದಿದ್ದರು. ಆಗ ಪಳೆಯುಳಿಕೆಯ ಒತ್ತಡ ಯಾರ ಮೇಲೂ ಇರಲಿಲ್ಲ. ಆದರೂ ಅಷ್ಟು ದೀರ್ಘ ಕಾಲದ ನೋವು ಏಕೆ ಎಂಬ ಪ್ರಶ್ನೆ ಪೂರ್ತಿ ತೀರುವುದಿಲ್ಲ. ಯೋಬನಿಗೂ ತೀರಲಿಲ್ಲ. ಮಗಳು ಇದನ್ನು ಕೇಳಿದರೆ ಸುಮ್ನೆ ಸಿದ್ಧ ಉತ್ತರ ಕೊಟ್ಟು ಬಾಯಿ ಮುಚ್ಚಿಸಬೇಡಿ, ಅವಳ ಜೊತೆ ಕೂತು ಓದಿ.

ಸಂಡೇ ಸ್ಕೂಲ್ ಮಕ್ಕಳಿಗೆ ಆದಿಕಾಂಡವನ್ನು ಇರುವ ಹಾಗೆಯೇ ಓದಿ ಹೇಳಿ, ವರ್ಷದ ಲೆಕ್ಕ ಸೇರಿಸಬೇಡಿ. ಯಾರಾದರೂ ಡೈನೋಸಾರ್ ಬಗ್ಗೆ ಕೇಳಿದರೆ, ಅವೂ ದೇವರ ಸೃಷ್ಟಿ, ಬಹಳ ಹಿಂದೆ ಇದ್ದವು ಎಂದರೆ ಸಾಕು. ಪಾಸ್ಟರ್ ಜೊತೆ ಮೊದಲೇ ಮಾತಾಡಿಕೊಳ್ಳಿ, ಮಕ್ಕಳ ಮುಂದೆ ವಾದಕ್ಕೆ ಇಳಿಯಬೇಡಿ. ಅವರು ಒಪ್ಪದಿದ್ದರೆ ಅಪೊಸ್ತಲರ ವಿಶ್ವಾಸ ಪ್ರಮಾಣವನ್ನು ಒಟ್ಟಿಗೆ ಓದಿ ನೋಡಿ. ಅದು ದೇವರನ್ನು ಆಕಾಶ ಭೂಮಿಗಳ ಸೃಷ್ಟಿಕರ್ತ ಎನ್ನುತ್ತದೆ. ಎಷ್ಟು ದಿನ, ಎಷ್ಟು ವರ್ಷ ಎಂಬುದನ್ನು ನಂಬಿಕೆಯ ಷರತ್ತಾಗಿ ಅದರಲ್ಲಿ ಇಟ್ಟಿಲ್ಲ.